ಹಳಸಿದ ಡಿಎನ್‌ಎಸ್ ದಾಖಲೆ: ಅಳಿಸುವ ಹೊಣೆಯನ್ನು ಯಾರಿಗೆ ಒಪ್ಪಿಸಬೇಕು?

ಬಾಗಲಕೋಟೆಯ ನವನಗರದ ಒಂದು ಪತ್ತಿನ ಸಹಕಾರಿ ಸಂಘದ ಕಚೇರಿಯಲ್ಲಿ, ತಿಂಗಳ ಕೊನೆಯ ದಿನ ಸಂಜೆ, ಸಾಲ ವಿಭಾಗದಿಂದ ಕಳುಹಿಸಿದ ಮುದ್ರಣ ಪ್ರಿಂಟರಿಗೆ ತಲುಪಲೇ ಇಲ್ಲ. ಪ್ರಿಂಟರ್ ಜೋಡಿಸಿದ್ದ ಕಂಪ್ಯೂಟರಿನ ಹೆಸರು ಲೋನ್-02. ಆ ಹೆಸರಿಗೆ ಪಿಂಗ್ (ಕಂಪ್ಯೂಟರ್ ಸಿಗುತ್ತಿದೆಯೇ ಎಂದು ನೋಡುವ ಆದೇಶ) ಕೊಟ್ಟರೆ 192.168.1.47ರಿಂದ ಉತ್ತರ ಸಲೀಸಾಗಿ ಬರುತ್ತಿತ್ತು. ಉತ್ತರ ಬರುತ್ತಿದೆ ಎಂಬ ಒಂದೇ ಕಾರಣಕ್ಕೆ ನೆಟ್‌ವರ್ಕ್ ಸರಿಯಿದೆ ಎಂದು ಎಲ್ಲರೂ ನಂಬಿದರು. ಕೇಬಲ್ ಬದಲಾಯಿತು, ಪ್ರಿಂಟರಿನ ಡ್ರೈವರ್ ಮತ್ತೆ ಹಾಕಲಾಯಿತು, ಒಂದೂವರೆ ಗಂಟೆ ಹೋಯಿತು. ನಾನು ಹೋಗಿ ಲೋನ್-02ರ ಮುಂದೆಯೇ ಕುಳಿತು ಅದರ ವಿಳಾಸ ನೋಡಿದಾಗ ಅದು 192.168.1.63 ಎಂದಿತ್ತು. 47ರಲ್ಲಿ ಕುಳಿತು ಉತ್ತರ ಕೊಡುತ್ತಿದ್ದದ್ದು ವ್ಯವಸ್ಥಾಪಕರ ಹೊಸ ಲ್ಯಾಪ್‌ಟಾಪ್. ಯಾವ ಹೆಸರಿಗೆ ಯಾವ ವಿಳಾಸ ಎಂದು ಹೇಳುವ ವ್ಯವಸ್ಥೆಯೇ ಡಿಎನ್‌ಎಸ್. ಸರ್ವರಿನಲ್ಲಿ ಅದರ ಕನ್ಸೋಲ್ ತೆರೆದು ಲೋನ್-02ರ ಸಾಲನ್ನು ಹುಡುಕಿದರೆ, ಆ ಸಾಲಿನ ಟೈಮ್‌ಸ್ಟ್ಯಾಂಪ್, ಅಂದರೆ ಕೊನೆಯ ಸಲ ನವೀಕರಿಸಿದ ದಿನಾಂಕ, ನಾಲ್ಕು ತಿಂಗಳ ಹಿಂದಿನದು.

ಈ ತೊಂದರೆಯನ್ನು ನಮ್ಮ ಊರಿನವರಿಗೆ ವಿವರಿಸುವುದು ಸುಲಭ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿ, ಅಲ್ಲಿಯ ಜನ ನವನಗರದ ಸೆಕ್ಟರುಗಳಿಗೆ ಬಂದು ನೆಲೆಸಿದರು. ಮುಳುಗಡೆಯಾದ ಮನೆಯ ವಿಳಾಸ ಬರೆದ ಪತ್ರ ಯಾರನ್ನೂ ತಲುಪದು ಎಂಬುದು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕಚೇರಿಯ ನೆಟ್‌ವರ್ಕಿನಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಬಿಟ್ಟುಹೋದ ಮನೆ ಅಲ್ಲಿ ಖಾಲಿ ಉಳಿಯುವುದಿಲ್ಲ, ಬೇರೊಬ್ಬರು ಬಂದು ಇರುತ್ತಾರೆ, ಬಾಗಿಲು ತಟ್ಟಿದರೆ ಓಗೊಡುತ್ತಾರೆ.

ಹಳಸಿದ ದಾಖಲೆಗಳನ್ನು ತೊಲಗಿಸಲು ನಾಲ್ಕಾರು ದಾರಿಗಳಿವೆ, ಮತ್ತು ಅವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು ಎಂಬ ಪ್ರಶ್ನೆಯನ್ನು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕಚೇರಿಗಳಲ್ಲಿ ಸರ್ವರ್ ನೋಡಿಕೊಳ್ಳುವ ಗೆಳೆಯರು ನನ್ನನ್ನು ಆಗಾಗ ಕೇಳುತ್ತಾರೆ. ನನ್ನ ಉತ್ತರ ಯಾವಾಗಲೂ ಒಂದು ಮರುಪ್ರಶ್ನೆಯಿಂದ ಶುರುವಾಗುತ್ತದೆ: ಆ ದಾಖಲೆಯನ್ನು ಬರೆದವರು ಯಾರು? ಬರೆದವರಿಗೇ ಅಳಿಸುವ ಹೊಣೆಯೂ ಇರುವ ಹಾಗೆ ವ್ಯವಸ್ಥೆ ಮಾಡಿದರೆ ಮುಕ್ಕಾಲು ಪಾಲು ತೊಂದರೆ ಹುಟ್ಟುವುದೇ ಇಲ್ಲ. ಪಾಲ್ ಮೊಕಾಪೆಟ್ರಿಸ್ ಅವರು 1983ರಲ್ಲಿ ಡಿಎನ್‌ಎಸ್ ರೂಪಿಸಿದಾಗಲೂ, 1987ರ ನವೆಂಬರಿನಲ್ಲಿ ಅದರ ನಿಯಮಪತ್ರಗಳಾದ ಆರ್‌ಎಫ್‌ಸಿ 1034 ಮತ್ತು 1035 ಹೊರಬಂದಾಗಲೂ ದಾಖಲೆಗಳನ್ನು ಬರೆಯುತ್ತಿದ್ದದ್ದು ಮನುಷ್ಯರು. ತಪ್ಪಾದರೆ ತಿದ್ದುತ್ತಿದ್ದವರೂ ಅವರೇ. 1997ರ ಆರ್‌ಎಫ್‌ಸಿ 2136 ಬಂದ ಮೇಲೆ ಕಂಪ್ಯೂಟರುಗಳು ತಮ್ಮ ಹೆಸರು, ವಿಳಾಸಗಳನ್ನು ತಾವೇ ಬರೆದುಕೊಳ್ಳುವುದಕ್ಕೆ ದಾರಿಯಾಯಿತು. ಬರೆಯುವ ಕೆಲಸ ಯಂತ್ರಕ್ಕೆ ಹೋಯಿತು. ಆದರೆ ಪ್ಲಗ್ ಕಿತ್ತು ಗುಜರಿಗೆ ಹಾಕಿದ ಕಂಪ್ಯೂಟರ್ ಹಿಂದಿರುಗಿ ಬಂದು ತನ್ನ ಹೆಸರನ್ನು ತಾನೇ ಅಳಿಸಿ ಹೋಗುವುದಿಲ್ಲ. ಮುಂದೆ ಹೇಳುವ ಎಲ್ಲ ಆಯ್ಕೆಗಳೂ ಈ ಒಂದು ಕೊರತೆಯನ್ನು ತುಂಬುವ ಬೇರೆ ಬೇರೆ ಪ್ರಯತ್ನಗಳು.

ಹಳಸಿರುವುದು ಎಲ್ಲಿ ಎಂದು ಮೊದಲು ನೋಡಿಕೊಳ್ಳಿ

ಪರಿಹಾರ ಆರಿಸುವ ಮೊದಲು ಎರಡು ಆದೇಶಗಳ ಉತ್ತರವನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಪಿಂಗ್ ಎಂಬುದು ಕಂಪ್ಯೂಟರಿನ ಒಳಗಿರುವ, ಹೆಸರು-ವಿಳಾಸಗಳನ್ನು ಕೈಯಿಂದ ಬರೆದಿಡುವ ಹೋಸ್ಟ್ಸ್ ಫೈಲನ್ನೂ, ಈ ಮೊದಲು ಕೇಳಿ ನೆನಪಿಟ್ಟುಕೊಂಡ ಕ್ಯಾಷನ್ನೂ ನೋಡಿ, ಅಲ್ಲಿ ಸಿಗದಿದ್ದರೆ ಮಾತ್ರ ಸರ್ವರನ್ನು ಕೇಳುತ್ತದೆ. ಎನ್‌ಎಸ್‌ಲುಕಪ್ ಅವೆರಡನ್ನೂ ಬದಿಗಿಟ್ಟು ನೇರವಾಗಿ ಸರ್ವರನ್ನೇ ಕೇಳುತ್ತದೆ. ಪಿಂಗ್ ತಪ್ಪು ವಿಳಾಸ ತೋರಿಸಿ ಎನ್‌ಎಸ್‌ಲುಕಪ್ ಸರಿಯಾದ ವಿಳಾಸ ಕೊಟ್ಟರೆ ದೋಷ ಇರುವುದು ಆ ಒಂದು ಕಂಪ್ಯೂಟರಿನಲ್ಲಿ. ಎರಡೂ ಒಂದೇ ತಪ್ಪನ್ನು ಹೇಳಿದರೆ ಸರ್ವರಿನಲ್ಲಿರುವ ದಾಖಲೆಯೇ ಹಳಸಿದೆ. ಎರಡು ಡಿಎನ್‌ಎಸ್ ಸರ್ವರುಗಳಿರುವ ಕಚೇರಿಯಲ್ಲಿ ಎನ್‌ಎಸ್‌ಲುಕಪ್‌ಗೆ ಒಂದೊಂದರ ಹೆಸರನ್ನೂ ಕೊಟ್ಟು ಬೇರೆಬೇರೆಯಾಗಿ ಕೇಳಬೇಕು. ಉತ್ತರಗಳು ಹೊಂದದಿದ್ದರೆ ಒಂದರಿಂದ ಇನ್ನೊಂದಕ್ಕೆ ಮಾಹಿತಿ ಹೋಗುತ್ತಿಲ್ಲ ಎಂದು ಅರ್ಥ, ಮತ್ತು ಆಗ ದಾಖಲೆ ಅಳಿಸುವ ಯಾವ ಉಪಾಯವೂ ಉಪಯೋಗಕ್ಕೆ ಬಾರದು. ಕೇಳುವಾಗ ಡೊಮೇನ್ (ಕಚೇರಿಯ ಕಂಪ್ಯೂಟರುಗಳು ಸೇರಿದ ಗುಂಪು) ಹೆಸರಿನ ಸಹಿತ ಪೂರ್ಣ ಹೆಸರನ್ನೇ ಕೊಡಿ. ಬರೀ ಚಿಕ್ಕ ಹೆಸರು ಕೊಟ್ಟರೆ ಡಿಎನ್‌ಎಸ್ ಸೋತಾಗ ವಿಂಡೋಸ್ ಬೇರೆ ದಾರಿಗಳಿಂದಲೂ ಹೆಸರನ್ನು ಹುಡುಕಬಲ್ಲದು, ಅದರಿಂದ ಪರೀಕ್ಷೆಯೇ ಕಲಸಿಹೋಗುತ್ತದೆ.

ಕ್ಯಾಷ್ ತೊಳೆಯುವುದು

ಐಪಿಕಾನ್ಫಿಗ್ ಆದೇಶದ ಫ್ಲಶ್‌ಡಿಎನ್‌ಎಸ್ ಎಲ್ಲರಿಗೂ ಬಾಯಿಪಾಠವಾಗಿರುವ ಮದ್ದು. ಖರ್ಚಿಲ್ಲ, ಅಪಾಯವಿಲ್ಲ, ಅರ್ಧ ನಿಮಿಷದ ಕೆಲಸ. ಆದರೆ ಅದರ ವ್ಯಾಪ್ತಿಯನ್ನು ಒಂದು ಅಂಕಿಯಿಂದ ತಿಳಿಯಬಹುದು. ವಿಂಡೋಸ್ ಕಂಪ್ಯೂಟರ್ ತಾನಾಗಿ ನೋಂದಾಯಿಸಿಕೊಂಡ ದಾಖಲೆಯ ಟಿಟಿಎಲ್, ಅಂದರೆ ಅದನ್ನು ಕ್ಯಾಷಿನಲ್ಲಿ ಇಟ್ಟುಕೊಳ್ಳಬಹುದಾದ ಹೊತ್ತು, ಪೂರ್ವನಿಗದಿಯಂತೆ 1200 ಸೆಕೆಂಡು, ಅಂದರೆ 20 ನಿಮಿಷ. ವಿಂಡೋಸ್ ಸರ್ವರಿನ ಝೋನಿನಲ್ಲಿ (ಒಂದು ಡೊಮೇನಿನ ದಾಖಲೆಗಳ ಪಟ್ಟಿಯಲ್ಲಿ) ನಾವು ಕೈಯಿಂದ ಬರೆದದ್ದಕ್ಕೆ ಸಾಮಾನ್ಯವಾಗಿ ಒಂದು ಗಂಟೆ. ಅಷ್ಟು ಹೊತ್ತು ಕಳೆದ ಮೇಲೆ ಕ್ಯಾಷಿನಲ್ಲಿದ್ದದ್ದು ತಾನಾಗಿಯೇ ಬಿದ್ದುಹೋಗುತ್ತದೆ. ಹಾಗಾಗಿ ಕಚೇರಿಯೊಳಗಿನ ಹೆಸರೊಂದು ಬೆಳಿಗ್ಗೆಯಿಂದ ಸಂಜೆಯವರೆಗೂ ತಪ್ಪು ವಿಳಾಸಕ್ಕೆ ಹೋಗುತ್ತಿದ್ದರೆ ಕ್ಯಾಷನ್ನು ದೂರಿ ಫಲವಿಲ್ಲ. ಹೋಸ್ಟ್ಸ್ ಫೈಲಿನಲ್ಲಿ ಯಾರೋ ಹಿಂದೊಮ್ಮೆ ಬರೆದಿಟ್ಟ ಸಾಲಿದೆಯೇ ನೋಡಿ, ಇಲ್ಲದಿದ್ದರೆ ಸರ್ವರಿನ ಕಡೆ ನಡೆಯಿರಿ. ಟಿಟಿಎಲ್ಲನ್ನು ಒಂದೆರಡು ನಿಮಿಷಕ್ಕೆ ಇಳಿಸಿಬಿಟ್ಟರೆ ಎಲ್ಲವೂ ತಾಜಾ ಇರುತ್ತದೆ ಎಂದು ನಂಬುವವರಿದ್ದಾರೆ. ಮೂಲ ದಾಖಲೆಯೇ ಹಳಸಿರುವಾಗ ಹೀಗೆ ಇಳಿಸುವುದರಿಂದ ಅದೇ ತಪ್ಪು ಉತ್ತರ ಹೆಚ್ಚು ಸಲ ಬರುತ್ತದೆ, ಅಷ್ಟೆ. ಸರ್ವರನ್ನು ಹೊಸ ವಿಳಾಸಕ್ಕೆ ಸ್ಥಳಾಂತರಿಸುವ ಹಿಂದಿನ ದಿನ ಟಿಟಿಎಲ್ ಇಳಿಸುವುದು ಮಾತ್ರ ಒಳ್ಳೆಯ ಅಭ್ಯಾಸ.

ಹೋಸ್ಟ್ಸ್ ಫೈಲಿನಲ್ಲಿ ಸರಿಯಾದ ವಿಳಾಸ ಬರೆದು ಅಂದಿನ ಕೆಲಸ ಸಾಗಿಸುವುದನ್ನು ನಾನು ಆಯ್ಕೆಯೆಂದು ಎಣಿಸುವುದೇ ಇಲ್ಲ. ಇಂದು ಬರೆದ ಸಾಲು ಮುಂದಿನ ವರ್ಷದ ಹಳಸಿದ ದಾಖಲೆ, ಮತ್ತು ಅದು ಸರ್ವರಿನ ಯಾವ ಕನ್ಸೋಲಿನಲ್ಲೂ ಕಾಣುವುದಿಲ್ಲ.

ಕೈಯಿಂದ ಅಳಿಸುವುದು

ಡಿಎನ್‌ಎಸ್ ಕನ್ಸೋಲ್ ತೆರೆದು, ಟೈಮ್‌ಸ್ಟ್ಯಾಂಪ್ ಕಾಲಮ್ಮಿನ ಮೇಲೆ ಒತ್ತಿ, ಹಳೆಯ ದಿನಾಂಕದವುಗಳನ್ನು ಒಂದೊಂದಾಗಿ ಪರಿಶೀಲಿಸಿ ಅಳಿಸುವುದು ಹದಿನೈದಿಪ್ಪತ್ತು ಕಂಪ್ಯೂಟರುಗಳ ಕಚೇರಿಗೆ ನಿಜಕ್ಕೂ ಸಾಕಾಗುವ ವಿಧಾನ. ಇದನ್ನು ಕೀಳಾಗಿ ಕಾಣುವ ಅಗತ್ಯವಿಲ್ಲ. ಏನು ಅಳಿಯಿತು ಎಂಬುದು ಅಳಿಸಿದವರಿಗೆ ಗೊತ್ತಿರುತ್ತದೆ, ಎಂಬ ಒಂದು ಲಾಭ ಬೇರೆ ಯಾವ ವಿಧಾನಕ್ಕೂ ಇಲ್ಲ. ಇದರ ಸೋಲು ಇರುವುದು ನೆನಪಿನಲ್ಲಿ: ಮಾಡಬೇಕಾದವರು ರಜೆ ಹೋಗುತ್ತಾರೆ, ವರ್ಗವಾಗುತ್ತಾರೆ, ಮಾರ್ಚ್ ತಿಂಗಳ ಲೆಕ್ಕದ ಗಡಿಬಿಡಿಯಲ್ಲಿ ಮರೆಯುತ್ತಾರೆ.

ಎರಡು ಸಂದರ್ಭಗಳಲ್ಲಿ ಮಾತ್ರ ಕೈಕೆಲಸಕ್ಕೆ ಪರ್ಯಾಯವೇ ಇಲ್ಲ. ಕೈಯಿಂದ ಬರೆದ ದಾಖಲೆಗಳ ಎದುರು ಟೈಮ್‌ಸ್ಟ್ಯಾಂಪ್ ಕಾಲಮ್ಮಿನಲ್ಲಿ ದಿನಾಂಕದ ಬದಲು ಸ್ಟ್ಯಾಟಿಕ್ ಎಂದಿರುತ್ತದೆ; ಅವುಗಳನ್ನು ಯಾವ ಸ್ವಯಂಚಾಲಿತ ಕ್ರಮವೂ ಮುಟ್ಟದು. ಇನ್ನೊಂದು, ನಿವೃತ್ತಿಯಾದ ಹಳೆಯ ಡೊಮೇನ್ ಕಂಟ್ರೋಲರ್, ಅಂದರೆ ಡೊಮೇನಿನ ಖಾತೆ, ಲಾಗಿನ್‌ಗಳನ್ನು ನೋಡಿಕೊಳ್ಳುತ್ತಿದ್ದ ಸರ್ವರ್. ಅದನ್ನು ಕ್ರಮವಾಗಿ ಕೆಳಗಿಳಿಸದೆ ಸುಮ್ಮನೆ ಸ್ವಿಚ್ ಆರಿಸಿ ಮೂಲೆಗಿಟ್ಟಿದ್ದರೆ ಅದರ ಹೆಸರು ಎನ್‌ಎಸ್ (ಝೋನಿನ ಡಿಎನ್‌ಎಸ್ ಸರ್ವರ್ ಯಾವುದು ಎನ್ನುವ) ದಾಖಲೆಯಾಗಿ, ಎಸ್‌ಆರ್‌ವಿ (ಯಾವ ಸೇವೆ ಯಾವ ಸರ್ವರಿನಲ್ಲಿ ಎನ್ನುವ) ದಾಖಲೆಯಾಗಿ, ಅಂಡರ್‌ಸ್ಕೋರ್‌ನಿಂದ ಶುರುವಾಗುವ ಎಂಎಸ್‌ಡಿಸಿಎಸ್ ಝೋನಿನ ಒಳಗೂ ಹರಡಿಕೊಂಡು ಉಳಿದಿರುತ್ತದೆ. ಬೆಳಿಗ್ಗೆ ಲಾಗಿನ್ ಆಗಲು ಕೆಲವರಿಗೆ ಕ್ಷಣ ಸಾಕು, ಕೆಲವರಿಗೆ ನಿಮಿಷಗಟ್ಟಲೆ ಬೇಕು ಎಂಬ ದೂರಿನ ಹಿಂದೆ ಇಂಥ ದಾಖಲೆಯೊಂದು ಇರುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಆಕ್ಟಿವ್ ಡೈರೆಕ್ಟರಿಯಿಂದ (ಡೊಮೇನಿನ ಖಾತೆಗಳ ಕೋಶದಿಂದ) ಆ ಸರ್ವರಿನ ಮೆಟಾಡೇಟಾ, ಅಂದರೆ ಅದರ ಬಗೆಗಿನ ಮಾಹಿತಿ, ತೆಗೆದು, ಆಮೇಲೆ ಝೋನುಗಳ ಒಳಹೊಕ್ಕು ಉಳಿದದ್ದನ್ನು ಹೆಸರು ಹಿಡಿದು ಹುಡುಕಿ ಅಳಿಸಬೇಕು.

ಸ್ಕ್ಯಾವೆಂಜಿಂಗ್: ಸರ್ವರಿನ ಕೈಗೆ ಪೊರಕೆ

ವಿಂಡೋಸ್ ಡಿಎನ್‌ಎಸ್ ಸರ್ವರಿನಲ್ಲಿ ಹಳಸಿದ ದಾಖಲೆಗಳನ್ನು ತಾನೇ ಗುಡಿಸುವ ವ್ಯವಸ್ಥೆ ಇದೆ, ಆದರೆ ಪೂರ್ವನಿಗದಿಯಾಗಿ ಅದು ಬಂದ್ ಆಗಿರುತ್ತದೆ. ಅದನ್ನು ಎರಡು ಕಡೆ ಚಾಲೂ ಮಾಡಬೇಕು: ಝೋನಿನ ಗುಣಲಕ್ಷಣಗಳಲ್ಲಿ ಏಜಿಂಗ್ ಎಂಬಲ್ಲಿ ಒಮ್ಮೆ, ಸರ್ವರಿನ ಗುಣಲಕ್ಷಣಗಳಲ್ಲಿ ಇನ್ನೊಮ್ಮೆ. ಒಂದನ್ನು ಗುರುತು ಮಾಡಿ ಇನ್ನೊಂದನ್ನು ಬಿಟ್ಟರೆ ಏನೂ ನಡೆಯುವುದಿಲ್ಲ. ನಾನು ನೋಡಿದ ಸರ್ವರುಗಳಲ್ಲಿ ಈ ಅರ್ಧ ಕೆಲಸವೇ ಹೆಚ್ಚು. ವಿಳಾಸದಿಂದ ಹೆಸರು ಹುಡುಕುವ ರಿವರ್ಸ್ ಝೋನಿಗೂ ಬೇರೆಯಾಗಿ ಗುರುತು ಮಾಡಬೇಕು.

ಇದರ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿಕೊಂಡರೆ ಮುಂದೆ ಗೊಂದಲವಿರದು. ಯಂತ್ರ ತಾನಾಗಿ ಬರೆದ ಪ್ರತಿ ದಾಖಲೆಗೂ ಟೈಮ್‌ಸ್ಟ್ಯಾಂಪ್ ಇರುತ್ತದೆ. ಅಲ್ಲಿಂದ ಮೊದಲ 7 ದಿನ ನೋ-ರಿಫ್ರೆಶ್ ಅವಧಿ. ಕಂಪ್ಯೂಟರ್ ತಾನಿನ್ನೂ ಇದ್ದೇನೆ ಎಂದು ಹೇಳಿದರೂ ವಿಳಾಸ ಬದಲಾಗದ ಹೊರತು ಸರ್ವರ್ ದಿನಾಂಕವನ್ನು ಮುಂದಕ್ಕೆ ತಳ್ಳದು. ಮುಂದಿನ 7 ದಿನ ರಿಫ್ರೆಶ್ ಅವಧಿ. ಆಗ ಹೇಳಿದರೆ ದಿನಾಂಕ ಹೊಸದಾಗುತ್ತದೆ, ಎಣಿಕೆ ಮತ್ತೆ ಮೊದಲಿನಿಂದ. ಹದಿನಾಲ್ಕು ದಿನವೂ ಸದ್ದಿಲ್ಲದೆ ಕಳೆದರೆ ದಾಖಲೆ ಹಳಸಿದ್ದೆಂದು ಲೆಕ್ಕ. ಗುಡಿಸುವ ಕೆಲಸ ಚಾಲೂ ಮಾಡಿದಾಗ ಅದೂ ಪೂರ್ವನಿಗದಿಯಂತೆ 7 ದಿನಕ್ಕೊಮ್ಮೆ ನಡೆಯುವುದರಿಂದ, ದಾಖಲೆ ನಿಜವಾಗಿ ಹೋಗಲು ಮೂರು ವಾರ ಹಿಡಿಯಬಹುದು. ಹೊಸದಾಗಿ ಚಾಲೂ ಮಾಡಿದಾಗಲೂ ರಿಫ್ರೆಶ್ ಅವಧಿ ಮುಗಿಯುವವರೆಗೆ ಝೋನನ್ನು ಗುಡಿಸಲು ಸರ್ವರ್ ಒಪ್ಪುವುದಿಲ್ಲ. ಬದುಕಿರುವ ಕಂಪ್ಯೂಟರುಗಳಿಗೆ ತಮ್ಮ ದಿನಾಂಕ ಹೊಸದು ಮಾಡಿಕೊಳ್ಳಲು ಕೊಟ್ಟ ಅವಕಾಶ ಅದು. ಇದನ್ನು ಅರಿಯದವರು ಮೂರನೆಯ ದಿನವೇ ಕೆಟ್ಟಿದೆ ಎಂದು ತೀರ್ಮಾನಿಸಿ ಅವಧಿಗಳನ್ನು ಗಂಟೆಗಳಿಗೆ ಇಳಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈವೆಂಟ್ ವ್ಯೂವರಿನ ಡಿಎನ್‌ಎಸ್ ಲಾಗಿನಲ್ಲಿ 2501 ಸಂಖ್ಯೆಯ ನಮೂದು ಬಂದರೆ ಗುಡಿಸುವಿಕೆ ಮುಗಿದು ದಾಖಲೆಗಳು ಹೋಗಿವೆ ಎಂದೂ, 2502 ಬಂದರೆ ಗುಡಿಸಿದರೂ ಹೋಗಬೇಕಾದದ್ದು ಏನೂ ಸಿಗಲಿಲ್ಲ ಎಂದೂ ಅರ್ಥ; ಇವೆರಡರಲ್ಲಿ ಒಂದು ಬರುವವರೆಗೆ ಕಾಯುವುದೇ ಸರಿ.

ಹಾಗೆಯೇ ಗುಡಿಸುವ ಕೆಲಸವನ್ನು ಒಂದೇ ಸರ್ವರಿಗೆ ಒಪ್ಪಿಸಿ. ಆಕ್ಟಿವ್ ಡೈರೆಕ್ಟರಿಯಲ್ಲಿ ಸೇರಿದ ಝೋನಾದರೆ ಒಬ್ಬರು ಅಳಿಸಿದ್ದು ಉಳಿದವರಿಗೂ ತಲುಪುತ್ತದೆ, ಮತ್ತು ಏನಾದರೂ ತಪ್ಪಿದಾಗ ಹುಡುಕಬೇಕಾದ ಲಾಗ್ ಒಂದೇ ಕಡೆ ಇರುತ್ತದೆ.

ಈ ವಿಧಾನದಲ್ಲಿ ನಿಜವಾದ ಅಪಾಯ ಒಂದಿದೆ. ಡಿಎನ್‌ಎಸ್‌ಸಿಎಂಡಿ ಎಂಬ ಉಪಕರಣದಲ್ಲಿ ಏಜ್‌ಆಲ್‌ರೆಕಾರ್ಡ್ಸ್ ಎಂಬ ಆದೇಶವಿದೆ. ಅದು ಝೋನಿನ ಎಲ್ಲ ದಾಖಲೆಗಳಿಗೂ, ಸ್ಟ್ಯಾಟಿಕ್ ಎಂದು ನಾವು ಕೈಯಿಂದ ಬರೆದವುಗಳಿಗೂ ಸೇರಿಸಿ, ಟೈಮ್‌ಸ್ಟ್ಯಾಂಪ್ ಹಾಕಿಬಿಡುತ್ತದೆ. ಒಂದು ಸಕ್ಕರೆ ಕಾರ್ಖಾನೆಯಲ್ಲಿ ಹೀಗಾದದ್ದನ್ನು ಸರಿಪಡಿಸಲು ಹೋಗಿದ್ದೆ. ಕಬ್ಬಿನ ಕಾಟಾದಲ್ಲಿ ತೂಕ ತೋರಿಸುವ ಪೆಟ್ಟಿಗೆಗಳು, ಗೇಟಿನ ಕ್ಯಾಮೆರಾ ರೆಕಾರ್ಡರ್, ಪ್ರಯೋಗಾಲಯದ ಹಳೆಯ ಪ್ರಿಂಟರ್, ಇವುಗಳಲ್ಲಿ ಯಾವುದೂ ತನ್ನ ಹೆಸರನ್ನು ತಾನು ನವೀಕರಿಸಿಕೊಳ್ಳುವ ಶಕ್ತಿಯುಳ್ಳದ್ದಲ್ಲ. ಅವುಗಳ ಹೆಸರನ್ನು ಮನುಷ್ಯರೇ ಬರೆದಿದ್ದರು. ಆದೇಶ ಕೊಟ್ಟ ದಿನ ಏನೂ ಆಗಲಿಲ್ಲ. ಮೂರನೆಯ ವಾರ, ಹಂಗಾಮಿನ ನಡುವೆ, ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದಾಗ ಕಾಟಾದ ತಂತ್ರಾಂಶ ತೂಕದ ಪೆಟ್ಟಿಗೆಯನ್ನು ಹೆಸರಿನಿಂದ ಹುಡುಕಿ, ಸಿಗದೆ, ನಿಂತಿತು. ಆದೇಶ ಕೊಟ್ಟದ್ದಕ್ಕೂ ತೊಂದರೆ ಕಂಡದ್ದಕ್ಕೂ ನಡುವೆ ಅಷ್ಟು ದಿನ ಕಳೆದಿದ್ದರಿಂದ ಎರಡನ್ನೂ ಜೋಡಿಸಿ ನೋಡಲು ಯಾರಿಗೂ ಹೊಳೆಯಲಿಲ್ಲ. ಸ್ಕ್ಯಾವೆಂಜಿಂಗ್ ಚಾಲೂ ಮಾಡುವ ಮೊದಲು ಝೋನನ್ನು ಒಂದು ಫೈಲಿಗೆ ಎಕ್ಸ್‌ಪೋರ್ಟ್ ಮಾಡಿಡುವುದು ಎರಡು ನಿಮಿಷದ ಕೆಲಸ. ಆ ಫೈಲ್ ಇದ್ದಿದ್ದರೆ ಅಂದು ಹೆಸರುಗಳನ್ನು ಹುಡುಕಿ ಹುಡುಕಿ ಮತ್ತೆ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಡಿಎಚ್‌ಸಿಪಿ ಸರ್ವರಿಗೇ ಹೊಣೆ ಒಪ್ಪಿಸುವುದು

ಕಂಪ್ಯೂಟರುಗಳಿಗೆ ವಿಳಾಸ ಹಂಚುವ ಸೇವೆ ಡಿಎಚ್‌ಸಿಪಿ. ವಿಳಾಸ ಹಂಚುವವರೇ ಹೆಸರನ್ನೂ ಬರೆಯಲಿ, ವಿಳಾಸ ಹಿಂಪಡೆದಾಗ ಹೆಸರನ್ನೂ ಅಳಿಸಲಿ ಎಂಬುದು ಈ ವಿಧಾನದ ತಿರುಳು. ಡಿಎಚ್‌ಸಿಪಿ ಸ್ಕೋಪಿನ (ಹಂಚುವ ವಿಳಾಸಗಳ ವ್ಯಾಪ್ತಿಯ) ಡಿಎನ್‌ಎಸ್ ಪುಟದಲ್ಲಿ, ಕ್ಲೈಂಟ್ ಕೇಳಲಿ ಬಿಡಲಿ ಯಾವಾಗಲೂ ದಾಖಲೆಯನ್ನು ನವೀಕರಿಸುವ ಆಯ್ಕೆಯನ್ನೂ, ಲೀಸ್ (ಒಂದು ಅವಧಿಗೆ ಕೊಟ್ಟ ವಿಳಾಸದ ಹಕ್ಕು) ಅಳಿದಾಗ ಎ (ಹೆಸರಿನಿಂದ ವಿಳಾಸ) ಮತ್ತು ಪಿಟಿಆರ್ (ವಿಳಾಸದಿಂದ ಹೆಸರು) ದಾಖಲೆಗಳನ್ನು ತೆಗೆದುಹಾಕುವ ಆಯ್ಕೆಯನ್ನೂ ಗುರುತು ಮಾಡಬೇಕು. ನನ್ನ ಮಟ್ಟಿಗೆ, ಡಿಎಚ್‌ಸಿಪಿ ಮತ್ತು ಡಿಎನ್‌ಎಸ್ ಎರಡೂ ಕಚೇರಿಯದೇ ಸರ್ವರಿನಲ್ಲಿರುವ ಕಡೆ ಇದೇ ಮೊದಲ ಆಯ್ಕೆ. ದಾಖಲೆಯ ಆಯುಷ್ಯ ಲೀಸಿನ ಆಯುಷ್ಯಕ್ಕೆ ಗಂಟು ಬೀಳುವುದರಿಂದ ಹದಿನಾಲ್ಕು ದಿನ ಕಾಯುವ ಪ್ರಶ್ನೆ ಇಲ್ಲ. ವೈ-ಫೈ ಜಾಲದಲ್ಲಿ 8 ಗಂಟೆಯ ಲೀಸ್ ಇಟ್ಟಿದ್ದರೆ ಒಂದೇ ವಿಳಾಸ ವಾರದಲ್ಲಿ ಹತ್ತು ಕೈ ಬದಲಾಗಬಹುದು. ಅಲ್ಲಿ ಸ್ಕ್ಯಾವೆಂಜಿಂಗ್ ಒಂದನ್ನೇ ನೆಚ್ಚಿಕೊಂಡರೆ ಒಂದು ವಿಳಾಸಕ್ಕೆ ಹತ್ತು ಹೆಸರುಗಳು ಕೂಡಿ ಬೀಳುತ್ತವೆ.

ಆದರೆ ಇದಕ್ಕೆ ಸಿದ್ಧತೆ ಬೇಕು, ಮತ್ತು ಹೆಚ್ಚಿನವರು ಎಡವುವುದು ಆ ಸಿದ್ಧತೆಯಲ್ಲೇ. ಝೋನಿನಲ್ಲಿ ಸುರಕ್ಷಿತ ನವೀಕರಣ ಮಾತ್ರ ಎಂಬ ಆಯ್ಕೆ ಇದ್ದರೆ, ದಾಖಲೆಯನ್ನು ಮೊದಲು ಬರೆದವರೇ ಅದರ ಒಡೆಯರು, ಬೇರೆಯವರು ತಿದ್ದಲಾರರು. ಈವರೆಗೆ ಕಂಪ್ಯೂಟರುಗಳು ತಾವೇ ಬರೆದುಕೊಂಡ ದಾಖಲೆಗಳನ್ನು ಇಂದು ಡಿಎಚ್‌ಸಿಪಿಗೆ ಹೊಣೆ ಕೊಟ್ಟ ಮಾತ್ರಕ್ಕೆ ಅದು ತಿದ್ದಲು ಶಕ್ತವಾಗುವುದಿಲ್ಲ. ಹಳೆಯ ದಾಖಲೆಗಳನ್ನು ಒಮ್ಮೆ ತೆರವು ಮಾಡಿ ಡಿಎಚ್‌ಸಿಪಿ ಹೊಸದಾಗಿ ಬರೆಯುವಂತೆ ಮಾಡಬೇಕು. ಲೋನ್-02ರ ಪ್ರಕರಣದಲ್ಲಿಯೂ ಮೂಲ ಇದೇ ಆಗಿತ್ತು: ನಾಲ್ಕು ತಿಂಗಳ ಹಿಂದೆ ಆ ಕಂಪ್ಯೂಟರಿನಲ್ಲಿ ವಿಂಡೋಸ್ ಹೊಸದಾಗಿ ಹಾಕಿ, ಡೊಮೇನಿನಲ್ಲಿದ್ದ ಅದರ ಹಳೆಯ ಖಾತೆಯನ್ನು ಅಳಿಸಿ, ಅದೇ ಹೆಸರಿನಲ್ಲಿ ಮತ್ತೆ ಸೇರಿಸಿದ್ದರು. ಹೆಸರು ಅದೇ ಆದರೂ ಡೊಮೇನಿನ ಕಣ್ಣಿಗೆ ಅದು ಬೇರೆ ಕಂಪ್ಯೂಟರ್. ಹಾಗಾಗಿ ತನ್ನದೇ ಹೆಸರಿನ ದಾಖಲೆಯನ್ನು ತಿದ್ದಲು ಅದಕ್ಕೆ ಹಕ್ಕಿರಲಿಲ್ಲ, ಪ್ರತಿ ದಿನ ಪ್ರಯತ್ನಿಸಿ ಪ್ರತಿ ದಿನ ಸೋಲುತ್ತಿತ್ತು. ಹಳೆಯ ಸಾಲನ್ನು ಅಳಿಸಿ, ಆ ಕಂಪ್ಯೂಟರಿನಲ್ಲಿ ಐಪಿಕಾನ್ಫಿಗ್‌ನ ರಿಜಿಸ್ಟರ್‌ಡಿಎನ್‌ಎಸ್ ಕೊಟ್ಟ ಕೆಲವೇ ನಿಮಿಷಗಳಲ್ಲಿ 63 ಎಂಬ ಹೊಸ ವಿಳಾಸ ಕಾಣಿಸಿಕೊಂಡಿತು, ಪ್ರಿಂಟರ್ ಸದ್ದು ಮಾಡಿತು.

ಎರಡನೆಯ ಸಿದ್ಧತೆ, ಡಿಎಚ್‌ಸಿಪಿಗೆ ಒಂದು ಪ್ರತ್ಯೇಕ ಖಾತೆ. ಡೊಮೇನಿನಲ್ಲಿ ಯಾವ ವಿಶೇಷ ಅಧಿಕಾರವೂ ಇಲ್ಲದ ಸಾಮಾನ್ಯ ಬಳಕೆದಾರ ಖಾತೆಯೊಂದನ್ನು ಇದಕ್ಕಾಗಿಯೇ ಸೃಷ್ಟಿಸಿ, ಅದರ ಹೆಸರು ಮತ್ತು ಪಾಸ್‌ವರ್ಡನ್ನು ಡಿಎಚ್‌ಸಿಪಿಯ ಸುಧಾರಿತ ಪುಟದಲ್ಲಿ ನಮೂದಿಸಿ. ಎರಡು ಡಿಎಚ್‌ಸಿಪಿ ಸರ್ವರುಗಳಿದ್ದರೆ ಎರಡಕ್ಕೂ ಒಂದೇ ಖಾತೆ ಕೊಡಿ; ಆಗ ಒಂದು ಬರೆದದ್ದನ್ನು ಇನ್ನೊಂದು ಅಳಿಸಬಲ್ಲದು. ಇದರ ಬದಲು ಡಿಎನ್‌ಎಸ್‌ಅಪ್‌ಡೇಟ್‌ಪ್ರಾಕ್ಸಿ ಎಂಬ ಗುಂಪಿಗೆ ಸರ್ವರನ್ನು ಸೇರಿಸಿ ಕೆಲಸ ಮುಗಿಸುವ ಅಡ್ಡದಾರಿ ಇದೆ. ಆ ಗುಂಪಿನವರು ಬರೆದ ದಾಖಲೆಗೆ ಒಡೆಯರೇ ಇರುವುದಿಲ್ಲ, ಮೊದಲು ತಿದ್ದಿದವರು ಒಡೆಯರಾಗುತ್ತಾರೆ. ನಮ್ಮ ಊರುಗಳ ಬಹುತೇಕ ಕಚೇರಿಗಳಂತೆ ಡಿಎಚ್‌ಸಿಪಿಯೂ ಡೊಮೇನ್ ಕಂಟ್ರೋಲರೂ ಒಂದೇ ಪೆಟ್ಟಿಗೆಯಲ್ಲಿದ್ದರೆ, ಡೊಮೇನ್ ಕಂಟ್ರೋಲರಿನ ಸ್ವಂತ ದಾಖಲೆಗಳೂ ಹಾಗೆಯೇ ಬಾಗಿಲು ತೆರೆದು ನಿಲ್ಲುತ್ತವೆ. ಆ ದಾರಿ ಬೇಡ.

ಮೂರನೆಯದು ಲೀಸಿನ ಲೆಕ್ಕ. ಡಿಎಚ್‌ಸಿಪಿ ಜೊತೆಗೆ ಸ್ಕ್ಯಾವೆಂಜಿಂಗನ್ನೂ ಎರಡನೆಯ ಕಾವಲಾಗಿ ಇಟ್ಟುಕೊಳ್ಳುವುದು ಒಳ್ಳೆಯದು, ಆದರೆ ಎರಡರ ಅವಧಿ ಹೊಂದಬೇಕು. ವಿಂಡೋಸ್ ಡಿಎಚ್‌ಸಿಪಿಯ ಪೂರ್ವನಿಗದಿ ಲೀಸ್ 8 ದಿನ. ಅರ್ಧ ಅವಧಿಗೆ, ಅಂದರೆ 4 ದಿನಕ್ಕೊಮ್ಮೆ, ಕಂಪ್ಯೂಟರ್ ಅದನ್ನು ನವೀಕರಿಸುತ್ತದೆ, ಆಗ ದಾಖಲೆಯೂ ನವೀಕರಣಗೊಳ್ಳುತ್ತದೆ. 7 ದಿನದ ರಿಫ್ರೆಶ್ ಕಿಟಕಿಯೊಳಗೆ 4 ದಿನಕ್ಕೊಮ್ಮೆ ಬರುವ ನವೀಕರಣ ಒಂದಾದರೂ ಬಿದ್ದೇ ಬೀಳುತ್ತದೆ. ಯಾರಾದರೂ ಲೀಸನ್ನು 30 ದಿನಕ್ಕೆ ಏರಿಸಿದರೆ ನವೀಕರಣ ಬರುವುದು 15 ದಿನಕ್ಕೊಮ್ಮೆ. ಆ ಹೊತ್ತಿಗೆ ಹದಿನಾಲ್ಕು ದಿನ ಮುಗಿದು, ಬದುಕಿ ಕೆಲಸ ಮಾಡುತ್ತಿರುವ ಕಂಪ್ಯೂಟರಿನ ಹೆಸರೇ ಅಳಿದುಹೋಗಬಹುದು. ಕಂಪ್ಯೂಟರುಗಳು ತಾವೇ ನೋಂದಾಯಿಸಿಕೊಳ್ಳುವ ಕಡೆ ಈ ಅಪಾಯವಿಲ್ಲ, ಏಕೆಂದರೆ ವಿಂಡೋಸ್ ಪ್ರತಿ 24 ಗಂಟೆಗೊಮ್ಮೆ ತನ್ನ ಹೆಸರನ್ನು ಮತ್ತೆ ನೋಂದಾಯಿಸುತ್ತದೆ. ಡಿಎಚ್‌ಸಿಪಿಗೆ ಹೊಣೆ ಕೊಟ್ಟ ಮೇಲೆ ಲೀಸಿನ ಅವಧಿಯನ್ನು ಬದಲಿಸುವವರು ಏಜಿಂಗ್ ಪುಟವನ್ನೂ ತೆರೆದು ನೋಡಲೇಬೇಕು.

ವಿಳಾಸವೇ ಬದಲಾಗದಂತೆ ಕಟ್ಟಿಹಾಕುವುದು

ಸರ್ವರ್, ಪ್ರಿಂಟರ್, ಕ್ಯಾಮೆರಾ ರೆಕಾರ್ಡರ್, ಹಾಜರಾತಿ ಯಂತ್ರ ಇಂಥವುಗಳಿಗೆ ಡಿಎಚ್‌ಸಿಪಿ ರಿಸರ್ವೇಶನ್ (ಆ ಯಂತ್ರಕ್ಕೆಂದೇ ಕಾದಿರಿಸಿದ ವಿಳಾಸ) ಕೊಟ್ಟರೆ ವಿಳಾಸ ಬದಲಾಗುವುದೇ ಇಲ್ಲ, ದಾಖಲೆ ಹಳಸುವ ಸಂಭವವೂ ಕಡಿಮೆ. ಯಂತ್ರದಲ್ಲೇ ಸ್ಥಿರ ವಿಳಾಸ ಬರೆಯುವುದಕ್ಕಿಂತ ನಾನು ರಿಸರ್ವೇಶನ್ನನ್ನೇ ಮೆಚ್ಚುತ್ತೇನೆ, ಏಕೆಂದರೆ ಎಲ್ಲ ವಿಳಾಸಗಳೂ ಒಂದೇ ಪಟ್ಟಿಯಲ್ಲಿ ಕಾಣುತ್ತವೆ. ಎಲ್ಲ ಕಂಪ್ಯೂಟರುಗಳಿಗೂ ಹೀಗೆಯೇ ಮಾಡಿಬಿಡೋಣ ಎನ್ನುವವರಿಗೆ ಒಂದು ಮಾತು: ನೆಟ್‌ವರ್ಕ್ ಕಾರ್ಡ್ ಬದಲಾದಾಗಲೆಲ್ಲ ರಿಸರ್ವೇಶನ್ನಿನಲ್ಲಿ ಮ್ಯಾಕ್ ವಿಳಾಸ (ಆ ಕಾರ್ಡಿನ ಗುರುತು ಸಂಖ್ಯೆ) ತಿದ್ದಬೇಕಾಗುತ್ತದೆ, ಮತ್ತು ಮೊಬೈಲುಗಳು ಈಗ ಪ್ರತಿ ವೈ-ಫೈ ಜಾಲಕ್ಕೂ ಬೇರೆ ಬೇರೆ ಮ್ಯಾಕ್ ತೋರಿಸುತ್ತವೆ.

ವಿಂಡೋಸ್ ಡೊಮೇನ್ ಇಲ್ಲದ ಕಚೇರಿಗಳಿಗೆ ಡಿಎನ್‌ಎಸ್‌ಮಾಸ್ಕ್ ಎಂಬ ಸಣ್ಣ ಲಿನಕ್ಸ್ ತಂತ್ರಾಂಶ ಸೊಗಸಾದ ಆಯ್ಕೆ. ವಿಳಾಸ ಹಂಚುವುದೂ ಹೆಸರಿಗೆ ಉತ್ತರಿಸುವುದೂ ಅಲ್ಲಿ ಒಂದೇ ಕಾರ್ಯಕ್ರಮ. ಲೀಸ್ ಮುಗಿದರೆ ಹೆಸರೂ ಮುಗಿಯಿತು. ಬೈಂಡ್ ಎಂಬ ಡಿಎನ್‌ಎಸ್ ತಂತ್ರಾಂಶ ಬಳಸುವವರು ಮಾತ್ರ ನೆನಪಿಡಬೇಕಾದದ್ದು, ಅದರಲ್ಲಿ ವಿಂಡೋಸಿನಂಥ ಗುಡಿಸುವ ವ್ಯವಸ್ಥೆ ಇಲ್ಲ. ಡೈನಾಮಿಕ್ ಝೋನಿನ ಫೈಲನ್ನು ಕೈಯಿಂದ ತಿದ್ದುವ ಮೊದಲು ಆರ್‌ಎನ್‌ಡಿಸಿ ಫ್ರೀಜ್ ಆದೇಶ ಕೊಟ್ಟು (ನವೀಕರಣ ತಡೆದು), ತಿದ್ದಿ, ಸೀರಿಯಲ್ ಸಂಖ್ಯೆಯನ್ನು ಏರಿಸಿ, ಆರ್‌ಎನ್‌ಡಿಸಿ ಥಾ (thaw) ಕೊಟ್ಟು ತಡೆ ಬಿಡಿಸಬೇಕು. ಸಂಖ್ಯೆ ಏರಿಸಲು ಮರೆತರೆ ಎರಡನೆಯ ಸರ್ವರ್ ಹಳೆಯ ಪ್ರತಿಯನ್ನೇ ಹಿಡಿದುಕೊಂಡು ಉತ್ತರ ಕೊಡುತ್ತಿರುತ್ತದೆ.

ಯಾವ ಆಯ್ಕೆಯನ್ನೂ ಕೆಡಿಸುವ ಎರಡು ಕಾರಣ

ಕರೆಂಟ್ ಹೋಗಿ ಬಂದಾಗ ಏನಾಗುತ್ತದೆ ಎಂದು ಒಮ್ಮೆ ಗಡಿಯಾರ ಹಿಡಿದು ನೋಡಿ. ಫೈಬರ್ ಸಂಪರ್ಕದ ಜೊತೆ ಬಂದ ಪುಟ್ಟ ರೌಟರ್ ಒಂದೆರಡು ನಿಮಿಷದಲ್ಲಿ ಎದ್ದು ಕೂರುತ್ತದೆ. ಸರ್ವರ್ ಏಳಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ರೌಟರಿನ ಒಳಗಿನ ಡಿಎಚ್‌ಸಿಪಿಯನ್ನು ಬಂದ್ ಮಾಡಿರದಿದ್ದರೆ, ಆ ನಡುವಿನ ಹೊತ್ತಿನಲ್ಲಿ ಚಾಲೂ ಆದ ಕಂಪ್ಯೂಟರುಗಳು ಅದರಿಂದಲೇ ವಿಳಾಸವನ್ನೂ ಡಿಎನ್‌ಎಸ್ ಸರ್ವರಿನ ವಿವರವನ್ನೂ ಪಡೆಯುತ್ತವೆ. ಆಮೇಲೆ ಅವು ತಮ್ಮ ಹೊಸ ವಿಳಾಸವನ್ನು ಕಚೇರಿಯ ಸರ್ವರಿಗೆ ತಿಳಿಸಲು ಹೋಗುವುದೇ ಇಲ್ಲ, ಸರ್ವರಿನಲ್ಲಿ ನಿನ್ನೆಯ ವಿಳಾಸವೇ ಉಳಿಯುತ್ತದೆ. ಬೇಸಿಗೆಯಲ್ಲಿ ಹಳಸಿದ ದಾಖಲೆಯ ದೂರು ಹೆಚ್ಚಾಗುವ ಕಚೇರಿಗಳಲ್ಲಿ ನಾನು ಮೊದಲು ಮುಟ್ಟುವುದು ಈ ರೌಟರನ್ನು, ಆಮೇಲೆ ಸರ್ವರಿನ ಯುಪಿಎಸ್ ಬ್ಯಾಟರಿಯನ್ನು.

ಇನ್ನೊಂದು, ಇಂಟರ್ನೆಟ್ ನಿಧಾನವೆಂದು ದೂರು ಬಂದಾಗ ಕಂಪ್ಯೂಟರಿನಲ್ಲಿ ಎರಡನೆಯ ಡಿಎನ್‌ಎಸ್ ಎಂದು 8.8.8.8 ಬರೆದಿಡುವ ರೂಢಿ. ಹೊರಗಿನ ಆ ಸರ್ವರಿಗೆ ನಮ್ಮ ಕಚೇರಿಯ ಹೆಸರುಗಳು ಗೊತ್ತಿರಲು ಸಾಧ್ಯವಿಲ್ಲ. ಒಮ್ಮೆ ಕಂಪ್ಯೂಟರ್ ಅತ್ತ ತಿರುಗಿದರೆ ಒಳಗಿನ ಹೆಸರುಗಳು ಸಿಗುವುದಿಲ್ಲ, ತನ್ನ ಹೆಸರಿನ ನೋಂದಣಿಯೂ ನಡೆಯುವುದಿಲ್ಲ. ಡೊಮೇನಿಗೆ ಸೇರಿದ ಕಂಪ್ಯೂಟರುಗಳಲ್ಲಿ ಒಳಗಿನ ಡಿಎನ್‌ಎಸ್ ಸರ್ವರುಗಳ ವಿಳಾಸ ಮಾತ್ರ ಇರಲಿ. ಹೊರಗಿನದನ್ನು ಸರ್ವರಿನ ಫಾರ್ವರ್ಡರ್ ಪುಟದಲ್ಲಿ (ತನಗೆ ಗೊತ್ತಿಲ್ಲದ ಹೆಸರನ್ನು ಸರ್ವರ್ ಯಾರನ್ನು ಕೇಳಬೇಕು ಎನ್ನುವ ಪುಟ) ಬರೆಯಿರಿ.

ಯಾವ ಕಚೇರಿಗೆ ಯಾವುದು

ವಿಜಯಪುರದಲ್ಲಿ ಹತ್ತು ಕಂಪ್ಯೂಟರ್ ಇಟ್ಟುಕೊಂಡ ಲೆಕ್ಕಪರಿಶೋಧಕರ ಕಚೇರಿಗೆ ರಿಸರ್ವೇಶನ್ ಮತ್ತು ತಿಂಗಳಿಗೊಮ್ಮೆ ಕೈಯಿಂದ ಪರಿಶೀಲನೆ ಸಾಕು. ಡೊಮೇನ್ ಇಲ್ಲದಿದ್ದರೆ ಡಿಎನ್‌ಎಸ್‌ಮಾಸ್ಕ್. ಅಲ್ಲಿ ಸ್ಕ್ಯಾವೆಂಜಿಂಗ್ ಚಾಲೂ ಮಾಡಿ ಮೂರು ವಾರದ ಲೆಕ್ಕ ಇಡುವುದು ಶ್ರಮಕ್ಕೆ ತಕ್ಕ ಫಲವಲ್ಲ.

ಮೂವತ್ತರಿಂದ ನೂರು ಕಂಪ್ಯೂಟರುಗಳಿರುವ ಸಹಕಾರಿ ಸಂಘ, ಕಾಲೇಜು, ಆಸ್ಪತ್ರೆಗಳಲ್ಲಿ ಡಿಎಚ್‌ಸಿಪಿಗೆ ಪ್ರತ್ಯೇಕ ಖಾತೆಯೊಡನೆ ಹೊಣೆ ಒಪ್ಪಿಸಿ, ಹಿಂದೆ ಕಾವಲಿಗೆ 7 ಮತ್ತು 7 ದಿನಗಳ ಸ್ಕ್ಯಾವೆಂಜಿಂಗ್ ಇರಲಿ. ಡಿಎಚ್‌ಸಿಪಿಯು ರೌಟರಿನಲ್ಲೇ ಇದ್ದು ಅದನ್ನು ಸರ್ವರಿಗೆ ತರಲು ಸಾಧ್ಯವೇ ಇಲ್ಲದಿದ್ದರೆ, ರೌಟರ್ ಹಂಚುವ ಡಿಎನ್‌ಎಸ್ ವಿಳಾಸ ಕಚೇರಿಯ ಸರ್ವರಿನದೇ ಆಗಿರುವಂತೆ ನೋಡಿಕೊಂಡು, ಕಂಪ್ಯೂಟರುಗಳು ತಾವೇ ನೋಂದಾಯಿಸಿಕೊಳ್ಳಲಿ ಎಂದು ಬಿಟ್ಟು, ಸ್ಕ್ಯಾವೆಂಜಿಂಗ್ ಒಂದನ್ನೇ ಆಶ್ರಯಿಸಿ. ಲೀಸನ್ನು ಮಾತ್ರ ಗಂಟೆಗಳಿಗೆ ಇಳಿಸಬೇಡಿ, ವಿಳಾಸಗಳು ಬೇಗ ಬೇಗ ಕೈ ಬದಲಾದಷ್ಟೂ ತಪ್ಪು ಬಾಗಿಲು ತಟ್ಟುವುದು ಹೆಚ್ಚುತ್ತದೆ.

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಂತೆ, ಮುಧೋಳ ಸೀಮೆಯ ಸಕ್ಕರೆ ಕಾರ್ಖಾನೆಗಳಂತೆ ಯಂತ್ರೋಪಕರಣಗಳು ನೆಟ್‌ವರ್ಕಿಗೆ ಸೇರಿಕೊಂಡಿರುವ ಕಡೆ ಒಂದೇ ನಿಯಮ ಎಲ್ಲಕ್ಕೂ ಒಗ್ಗದು. ಕಚೇರಿ ಭಾಗದ ಕಂಪ್ಯೂಟರುಗಳಿಗೆ ಡಿಎಚ್‌ಸಿಪಿ. ಯಂತ್ರಗಳಿಗೆ ರಿಸರ್ವೇಶನ್ ಮತ್ತು ಕೈಯಿಂದ ಬರೆದ ಸ್ಟ್ಯಾಟಿಕ್ ದಾಖಲೆ, ಸಾಧ್ಯವಾದರೆ ಬೇರೆಯೇ ಝೋನಿನಲ್ಲಿ, ಏಜಿಂಗ್ ಬಂದ್ ಮಾಡಿ. ಹಂಗಾಮು ಮುಗಿದ ಮೇಲೆ ಕಾಟಾದ ಕಂಪ್ಯೂಟರುಗಳು ತಿಂಗಳುಗಟ್ಟಲೆ ಆರಿರುತ್ತವೆ, ಅವುಗಳ ಹೆಸರು ಗುಡಿಸಿಹೋಗುತ್ತದೆ, ಅದು ಆಗಬೇಕಾದದ್ದೇ. ಹೊಸ ಹಂಗಾಮಿಗೆ ಬಾಯ್ಲರ್ ಪೂಜೆಯ ಹೊತ್ತಿಗೆ ಅವುಗಳನ್ನು ಒಂದು ದಿನ ಮೊದಲೇ ಚಾಲೂ ಮಾಡಿ, ಪ್ರತಿಯೊಂದರ ಹೆಸರನ್ನೂ ಎನ್‌ಎಸ್‌ಲುಕಪ್‌ನಲ್ಲಿ ಕೇಳಿ, ಬಂದ ವಿಳಾಸವನ್ನು ಆ ಕಂಪ್ಯೂಟರಿನ ಪರದೆಯ ಮೇಲಿನ ವಿಳಾಸದೊಡನೆ ತಾಳೆ ನೋಡಿ. ಮೊದಲ ಟ್ರ್ಯಾಕ್ಟರ್ ಕಾಟಾ ಏರುವ ಮೊದಲೇ ಆ ತಾಳೆ ಮುಗಿದಿರಲಿ.